ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಹಳೆಯ ಸೈ-ಫೈ ಆಟಗಳು: ನಾನು ಆಡಿದ ಬಗೆ

ಹಳೆಯ ಸೈ-ಫೈ ಆಟ ಇನ್‌ಸ್ಟಾಲ್ ಮಾಡಿಕೊಂಡು ಅರ್ಧ ಗಂಟೆಯಲ್ಲಿ ಕೈಬಿಡುವವರೇ ಹೆಚ್ಚು. ಏನು ಮಾಡಬೇಕೆಂದು ಪರದೆಯ ಮೇಲೆ ಎಲ್ಲೂ ಹೇಳಿರುವುದಿಲ್ಲ. ಆ ಕಾಲದಲ್ಲಿ ಅದನ್ನು ಹೇಳುತ್ತಿದ್ದದ್ದು ಡಬ್ಬಿಯೊಳಗಿನ ಕೈಪಿಡಿ. ಅದಕ್ಕೇ ಯಾವ ಆಟ ಆಡಬೇಕು ಅನ್ನುವುದರ ಜೊತೆಗೆ ಮೊದಲ ಗಂಟೆ ದಾಟುವುದು ಹೇಗೆ ಅನ್ನುವುದನ್ನೂ ಬರೆಯುತ್ತಿದ್ದೇನೆ. ಇಲ್ಲಿ ಹೇಳುವ ನಾಲ್ಕು ಆಟಗಳಿಗೂ ಮಾಮೂಲಿ ಆಫೀಸ್ ಲ್ಯಾಪ್‌ಟಾಪ್ ಸಾಕಾಗಿದೆ.

ಶುರುವಿಗೆ 'ಬಿನೀತ್ ಎ ಸ್ಟೀಲ್ ಸ್ಕೈ' (1994). 2003ರಿಂದ ಉಚಿತ. ಸ್ಕಮ್‌ವಿಎಂ ಎಂಬ ಪ್ರೋಗ್ರಾಂ ಮೂಲಕ ಓಡುತ್ತದೆ. ಆಟದ ಜಿಪ್ ಫೈಲನ್ನು ಮೊದಲು ಬಿಚ್ಚಿ, ಆ ಫೋಲ್ಡರನ್ನು ಸ್ಕಮ್‌ವಿಎಂಗೆ ತೋರಿಸಿ; ಜಿಪ್ ಅನ್ನೇ ತೋರಿಸಿ 'ಆಟ ಸಿಗಲಿಲ್ಲ' ಅನ್ನಿಸಿಕೊಳ್ಳುವವರು ತುಂಬ ಜನ. ಸಿಡಿ ಆವೃತ್ತಿಯನ್ನೇ ಇಳಿಸಿಕೊಳ್ಳಿ, ಮಾತು ಕೇಳಿಸುವುದು ಅದರಲ್ಲಿ. ಎಡ ಕ್ಲಿಕ್ ನೋಡಲು, ಬಲ ಕ್ಲಿಕ್ ಕೆಲಸ ಮಾಡಲು. ಮೊದಲ ದೃಶ್ಯದಲ್ಲೇ ಸಿಕ್ಕಿಬೀಳುವುದು ಸಹಜ: ಮೆಟ್ಟಿಲಿನ ಒಂದು ಸಡಿಲ ಸರಳನ್ನು ಬಲ ಕ್ಲಿಕ್ ಮಾಡಿ ಕಿತ್ತುಕೊಂಡು, ಅದರಿಂದ ಬಾಗಿಲು ಮೀಟಬೇಕು. ನಾಯಕ ಸಾಯುವ ಜಾಗಗಳೂ ಇವೆ, ಎಫ್5 ಒತ್ತಿ ಆಗಾಗ ಸೇವ್ ಮಾಡಿ.

ನಾನು ಎಲ್ಲರಿಗೂ ಹೇಳುವ ಆಟ ಮಾತ್ರ 'ದಿ ಉರ್-ಕ್ವಾನ್ ಮಾಸ್ಟರ್ಸ್'. 1992ರ 'ಸ್ಟಾರ್ ಕಂಟ್ರೋಲ್ 2' ಇದೇ. ಹಡಗಿನಲ್ಲಿ ನಕ್ಷತ್ರಗಳ ನಡುವೆ ಸುತ್ತುವ ಆಟ. ಇದನ್ನು ರೂಪಿಸಿದ ಪಾಲ್ ರೀಷ್ ಮತ್ತು ಫ್ರೆಡ್ ಫೋರ್ಡ್ 2002ರಲ್ಲಿ ಇದರ ಸೋರ್ಸ್ ಕೋಡ್ ಬಿಡುಗಡೆ ಮಾಡಿದರು. ಇದೂ ಉಚಿತ. ಧ್ವನಿ ಪ್ಯಾಕ್ ಬೇರೆಯಾಗಿರುತ್ತದೆ, ಬಿಡಬೇಡಿ. ಒಂದೊಂದು ಅನ್ಯಗ್ರಹ ಜೀವಿಯ ಮಾತಿನ ಧಾಟಿಯಲ್ಲೇ ಆಟದ ಅರ್ಧ ಸೊಗಸಿದೆ.

ಭೂಮಿಯ ಪಕ್ಕದ ಅಂತರಿಕ್ಷ ನಿಲ್ದಾಣಕ್ಕೆ ಹೋದರೆ ಅಲ್ಲಿ ವಿದ್ಯುತ್ ಇಲ್ಲ, ವಿಕಿರಣಶೀಲ ಲೋಹ ತನ್ನಿ ಅನ್ನುತ್ತಾರೆ. ಅದು ಬುಧ ಗ್ರಹದಲ್ಲಿದೆ. ಇಳಿಯುವ ಮುಂಚೆ ಖನಿಜ ಸ್ಕ್ಯಾನ್ ಮಾಡಿ, ಚುಕ್ಕೆಗಳ ಹತ್ತಿರವೇ ಇಳಿಯಿರಿ. ಬುಧದ ನೆಲದಲ್ಲಿ ಬೆಂಕಿ ಏಳುತ್ತಲೇ ಇರುತ್ತದೆ. ಗ್ರಹಕ್ಕೆ ಇಳಿಯುವ ಪುಟ್ಟ ವಾಹನವಾದ ಲ್ಯಾಂಡರಿನಲ್ಲಿರುವುದು 12 ಜನ, ಬೆಂಕಿ ತಾಗಿದಂತೆಲ್ಲ ಒಬ್ಬೊಬ್ಬರೇ ಹೋಗುತ್ತಾರೆ. ಹೊಸ ಲ್ಯಾಂಡರಿಗೆ ಆಟದ ಹಣದಲ್ಲಿ 500 ಆರ್‌ಯು ಕೊಡಬೇಕು. ಹವಾಮಾನ, ಭೂಕಂಪದ ದರ್ಜೆ 4 ದಾಟಿದ ಗ್ರಹಗಳಿಗೆ ಆರಂಭದಲ್ಲಿ ನಾನು ಇಳಿಯುವುದೇ ಇಲ್ಲ.

ಜನ ದಿವಾಳಿಯಾಗುವುದು ಲೆಕ್ಕ ಹಾಕದೆ. ಲ್ಯಾಂಡರ್ ಒಮ್ಮೆಗೆ 50 ಮೂಟೆ ಹೊರುತ್ತದೆ ಅಂದುಕೊಳ್ಳಿ. ಮಾಮೂಲಿ ಖನಿಜ ಮೂಟೆಗೆ 1 ಆರ್‌ಯು, ವಿಕಿರಣಶೀಲ 8, ನೇರಳೆ ಬಣ್ಣದ ಅಪರೂಪದ್ದು 25. ಇಂಧನ ಒಂದು ಘಟಕಕ್ಕೆ 20. ಮಾಮೂಲಿ ಖನಿಜ ತುಂಬಿಕೊಂಡು ಬಂದರೆ ಇಡೀ ಹೊರೆಗೆ ಎರಡೂವರೆ ಘಟಕ ಇಂಧನ. ಗುರುತ್ವ ಹೆಚ್ಚಿರುವ ಗ್ರಹವಾದರೆ ಇಳಿದು ಹತ್ತುವುದಕ್ಕೇ ಅದರ ದೊಡ್ಡ ಪಾಲು ಸುಟ್ಟುಹೋಗುತ್ತದೆ. ನೇರಳೆಯಾದರೆ 1250 ಆರ್‌ಯು.

ಒಂದು ನೋಟ್‌ಬುಕ್ ಪಕ್ಕದಲ್ಲಿರಲೇಬೇಕು. ಯಾರು ಯಾವ ನಕ್ಷತ್ರದ ಹೆಸರು ಹೇಳಿದರು ಎಂಬುದನ್ನು ಆಟ ನೆನಪಿಡುವುದಿಲ್ಲ. ನಾನು ಪುಟದ ಎಡಕ್ಕೆ ನಕ್ಷತ್ರ, ನಡುವೆ ನಿರ್ದೇಶಾಂಕ, ಬಲಕ್ಕೆ ಹೇಳಿದ ಜೀವಿಯ ಹೆಸರು ಬರೆಯುತ್ತೇನೆ. ತಾರೀಖನ್ನೂ ಗಮನಿಸಿ: ಕಥೆ 2155ರ ಫೆಬ್ರವರಿಯಲ್ಲಿ ಶುರುವಾಗುತ್ತದೆ, ಸುಮಾರು 4 ವರ್ಷ ಕಳೆದರೆ ಕೋರ್-ಆ ಎಂಬ ಪಂಗಡ ಒಂದೊಂದೇ ಲೋಕವನ್ನು ಅಳಿಸುತ್ತಾ ಬರುತ್ತದೆ. ಆಟ ಅದನ್ನು ಮುಂಚೆ ಗಟ್ಟಿಯಾಗಿ ಹೇಳುವುದಿಲ್ಲ. ವರ್ಷಕ್ಕೊಂದು ಸೇವ್ ಬೇರೆಯಾಗಿ ಇಟ್ಟುಕೊಳ್ಳಿ.

'ಸಿಸ್ಟಮ್ ಶಾಕ್ 2' (1999) ಬಗ್ಗೆ ಎರಡೇ ಮಾತು. ಸಿಕ್ಕ ಸೈಬರ್ ಮಾಡ್ಯೂಲುಗಳನ್ನು (ಕೌಶಲ ಹೆಚ್ಚಿಸಿಕೊಳ್ಳಲು ಖರ್ಚು ಮಾಡುವಂಥವು) ಎಲ್ಲ ಕೌಶಲಗಳಿಗೂ ಸ್ವಲ್ಪ ಸ್ವಲ್ಪ ಹಂಚಿದರೆ ನಡುದಾರಿಯಲ್ಲಿ ಸೋಲುತ್ತೀರಿ, ಎರಡು ಮೂರಕ್ಕೇ ಸುರಿಯಿರಿ. ಗುಂಡುಗಳಲ್ಲಿ ಕವಚ ಭೇದಿಸುವಂಥವು ಯಂತ್ರಗಳಿಗೆ, ಆಂಟಿ-ಪರ್ಸನಲ್ ಅನ್ನುವವು ಮಾಂಸದ ಮೈಯವಕ್ಕೆ. ಒಂಟಿಯಾಗಿ ಬರುವ ಶತ್ರುವಿಗೆ ಸ್ಪ್ಯಾನರ್ ಸಾಕು.

ಕೊನೆಗೆ ಕಷ್ಟದ್ದು: 'ಯುಎಫ್ಒ: ಎನಿಮಿ ಅನ್‌ನೋನ್' (1994), ಜೂಲಿಯನ್ ಗೋಲಪ್ ರೂಪಿಸಿದ್ದು. ಯೋಧರ ತಂಡವನ್ನು ಸರದಿಯಂತೆ ನಡೆಸಿ ಅನ್ಯಗ್ರಹದವರೊಂದಿಗೆ ಕಾದಾಡುವ ಆಟ. ಆಟ ದುಡ್ಡು ಕೊಟ್ಟು ಕೊಳ್ಳಬೇಕು, ಆದರೆ ಅದರ ಜೊತೆ ಬರುವ ಡಾಸ್ ಆವೃತ್ತಿಯನ್ನು ಆಡಬೇಡಿ. ಅದರಲ್ಲಿ ಕಷ್ಟದ ಯಾವ ಮಟ್ಟ ಆರಿಸಿದ್ದರೂ ಸೇವ್ ತೆರೆದಾಗ ಅತಿ ಸುಲಭಕ್ಕೆ ಇಳಿಯುವ ದೋಷವಿದೆ. ಓಪನ್‌ಎಕ್ಸ್‌ಕಾಮ್ ಎಂಬ ಬೇರೆ ಪ್ರೋಗ್ರಾಂ ಅದನ್ನು ಸರಿಪಡಿಸಿದೆ, ಅದರಲ್ಲೇ ಆಡಿ. ಕೊಂಡ ಆಟದ ಮ್ಯಾಪ್ಸ್, ರೂಟ್ಸ್, ಟೆರೇನ್, ಯೂನಿಟ್ಸ್, ಸೌಂಡ್, ಜಿಯೋಡೇಟಾ, ಜಿಯೋಗ್ರಾಫ್, ಯುಎಫ್ಒಗ್ರಾಫ್, ಯುಎಫ್ಒಇಂಟ್ರೊ ಫೋಲ್ಡರುಗಳನ್ನು ಓಪನ್‌ಎಕ್ಸ್‌ಕಾಮ್‌ನ 'ಯುಎಫ್ಒ' ಫೋಲ್ಡರಿನೊಳಗೆ ನಕಲು ಮಾಡಿ. ಒಂದು ತಪ್ಪಿದರೂ ಎರರ್ ಬರಬಹುದು.

ಯೋಧರು ಸಾಯುವುದು ಹೆಚ್ಚಾಗಿ ಅವರನ್ನು ಕರೆತಂದ ವಿಮಾನದ ಇಳಿಜಾರಿನಲ್ಲೇ. ಮೊದಲ ಸರದಿಯಲ್ಲಿ ಅನ್ಯಗ್ರಹದವರ ಬಳಿ ಸಮಯದ ಅಂಕ (ನಡೆಯಲು, ಗುಂಡು ಹಾರಿಸಲು ಖರ್ಚಾಗುವುದು) ಪೂರ್ತಿ ಇರುತ್ತದೆ, ನೀವು ಹೊರಗೆ ಕಾಲಿಟ್ಟ ತಕ್ಷಣ ಗುಂಡು ಬರುತ್ತದೆ. ಬಾಗಿಲಲ್ಲಿ ಹೊಗೆ ಗ್ರೆನೇಡ್ ಎಸೆದು ಆ ಸರದಿಯನ್ನು ಒಳಗೇ ಕಳೆಯಿರಿ. ಆಮೇಲೆ ಪ್ರತಿ ಹೆಜ್ಜೆಗೂ ಲೆಕ್ಕ: ರೈಫಲ್‌ನ ಸ್ನ್ಯಾಪ್ (ಅವಸರದ) ಗುಂಡಿಗೆ ಅಂಕದ 25 ಶೇಕಡಾ, ಗುರಿಯಿಟ್ಟು ಹೊಡೆಯಲು 80 ಶೇಕಡಾ, ಮಂಡಿಯೂರಲು 4 ಅಂಕ. ನಡೆದು ಮುಗಿದಾಗ ಸ್ನ್ಯಾಪ್‌ಗೆ ಬೇಕಾದಷ್ಟು ಉಳಿದಿರಬೇಕು. ಉಳಿಯದಿದ್ದರೆ ಶತ್ರು ಕಣ್ಣೆದುರು ಬಂದರೂ ನಿಮ್ಮ ಯೋಧ ಬಂದೂಕು ಎತ್ತುವುದಿಲ್ಲ.