ಆವರಣ ಕಟ್ಟಕಡೆಗೆ

ಫಲನದ ಡೊಮೇನ್ (ಎಕ್ಸ್ ಜಾಗದಲ್ಲಿ ಹಾಕಬಹುದಾದ ಎಲ್ಲ ಸಂಖ್ಯೆಗಳು) ಕಂಡುಹಿಡಿಯುವುದು ನನಗೆ ಕಷ್ಟವಾಗಿರಲಿಲ್ಲ. ಅದನ್ನು ಅಂತರದ ರೂಪದಲ್ಲಿ, ಅಂದರೆ ತುದಿಯ ಸಂಖ್ಯೆಗಳನ್ನು ಆವರಣದೊಳಗಿಟ್ಟು, ಬರೆಯುವಾಗಲೇ ಅಂಕಗಳು ಹೋಗುತ್ತಿದ್ದವು. ದುಂಡು ಆವರಣವೋ ಚೌಕ ಆವರಣವೋ ಎಂಬುದನ್ನು ಬಹಳ ದಿನ ಅಂದಾಜಿನ ಮೇಲೆ ಹಾಕುತ್ತಿದ್ದೆ.

ಈಗ ಆವರಣವನ್ನು ಕಟ್ಟಕಡೆಗೆ ಬರೆಯುತ್ತೇನೆ. ಮೊದಲು ಸಂಖ್ಯಾರೇಖೆ ಎಳೆದು, ತುದಿಯ ಸಂಖ್ಯೆಗಳನ್ನು ಗುರುತಿಸಿ, ಒಂದೊಂದನ್ನೂ ಫಲನದಲ್ಲಿ ಎಕ್ಸ್ ಜಾಗಕ್ಕೆ ಆದೇಶಿಸುತ್ತೇನೆ. ಬೆಲೆ ಸಿಕ್ಕರೆ ತುಂಬಿದ ಚುಕ್ಕೆ, ಚೌಕ ಆವರಣ; ಸಿಗದಿದ್ದರೆ ಖಾಲಿ ಚುಕ್ಕೆ, ದುಂಡು ಆವರಣ.

√(ಎಕ್ಸ್ + 2) / (ಎಕ್ಸ್ − 5) ತೆಗೆದುಕೊಳ್ಳಿ. ವರ್ಗಮೂಲದ ಒಳಗೆ ಋಣ ಸಂಖ್ಯೆ ಬರುವಂತಿಲ್ಲ, ಹಾಗಾಗಿ ಎಕ್ಸ್ −2ಕ್ಕಿಂತ ಕಡಿಮೆಯಾಗಬಾರದು. −2 ಹಾಕಿದರೆ ಅಂಶ ಸೊನ್ನೆ, ಛೇದ −7, ಬೆಲೆ ಸೊನ್ನೆ. ಸೊನ್ನೆಯೂ ಬೆಲೆಯೇ, −2 ಒಳಗೆ ಸೇರಿತು. 5 ಹಾಕಿದರೆ ಛೇದವೇ ಸೊನ್ನೆ, ಆದ್ದರಿಂದ ಅದು ಹೊರಗೆ. ಉತ್ತರ: [−2, 5) ∪ (5, ∞); ನಡುವಿನ ∪ ಎರಡು ತುಂಡುಗಳನ್ನು ಸೇರಿಸುವ ಸಂಯೋಗದ ಚಿಹ್ನೆ. ಅದೇ ವರ್ಗಮೂಲ ಛೇದಕ್ಕೆ ಇಳಿದು 1/√(ಎಕ್ಸ್ + 2) ಆದರೆ −2 ಕೂಡ ಹೊರಬೀಳುತ್ತದೆ: (−2, ∞). ಅನಂತದ ಪಕ್ಕದಲ್ಲಿ ಯಾವಾಗಲೂ ದುಂಡು ಆವರಣವೇ, ಏಕೆಂದರೆ ಆದೇಶಿಸಿ ನೋಡಲು ಅದು ಸಂಖ್ಯೆಯಲ್ಲ.

ನನ್ನನ್ನು ಹೆಚ್ಚು ಕಾಡಿದ್ದು √(ಎಕ್ಸ್² − 9). ಎಕ್ಸ್² ≥ 9 ಎಂದು ಬರೆದು, ಎರಡೂ ಕಡೆ ವರ್ಗಮೂಲ ತೆಗೆದು, ಎಕ್ಸ್ ≥ 3 ಎಂದು ಮುಗಿಸಿಬಿಡುತ್ತಿದ್ದೆ. ಅರ್ಧ ಡೊಮೇನ್ ಕಳೆದುಹೋಗಿರುವುದು ತಿಳಿದದ್ದು −5 ಹಾಕಿ ನೋಡಿದ ದಿನ: 25 − 9 = 16, ವರ್ಗಮೂಲ 4. ಅಂದಿನಿಂದ −3 ಮತ್ತು 3 ರೇಖೆಯನ್ನು ಕತ್ತರಿಸುವ ಮೂರು ತುಂಡುಗಳಿಂದಲೂ ಒಂದೊಂದು ಸಂಖ್ಯೆಯನ್ನು ಪರೀಕ್ಷಿಸುತ್ತೇನೆ. −5 ಸರಿ, 0 ಹಾಕಿದರೆ −9, ಅದು ಆಗದು, 5 ಸರಿ. ತುದಿಗಳೆರಡೂ ಸೊನ್ನೆ ಕೊಡುತ್ತವೆ. ಹೀಗೆ (−∞, −3] ∪ [3, ∞) ತಾನಾಗಿಯೇ ಕಾಣಿಸುತ್ತದೆ. ನಡುವೆ ಸಂಯೋಗದ ಚಿಹ್ನೆ ಬೇಕೇಬೇಕು. ಅಲ್ಪವಿರಾಮ ಆ ಕೆಲಸ ಮಾಡುವುದಿಲ್ಲ.

ಇನ್ನೊಂದು ಎಚ್ಚರಿಕೆ ಬಿಡಿಸುವ ಆತುರಕ್ಕೆ ಸಂಬಂಧಿಸಿದ್ದು. (ಎಕ್ಸ್² − 4)/(ಎಕ್ಸ್ − 2) ಕಂಡಕೂಡಲೇ ಅಂಶ ಛೇದಗಳೆರಡರಲ್ಲೂ ಇರುವ ಎಕ್ಸ್ − 2 ಅನ್ನು ಹೊಡೆದುಹಾಕಿದರೆ ಎಕ್ಸ್ + 2 ಉಳಿಯುತ್ತದೆ, ಎಲ್ಲ ವಾಸ್ತವ ಸಂಖ್ಯೆಗಳೂ ಸಲ್ಲುವಂತೆ ತೋರುತ್ತದೆ. ಆದರೆ ಕೊಟ್ಟ ಫಲನದಲ್ಲಿ 2 ಹಾಕಿದರೆ ಛೇದ ಸೊನ್ನೆಯೇ. ಆದ್ದರಿಂದ ಒಂದು ಪದವನ್ನೂ ಹೊಡೆಯುವ ಮೊದಲೇ ಪುಟದ ಅಂಚಿನಲ್ಲಿ (−∞, 2) ∪ (2, ∞) ಎಂದು ಬರೆದಿಟ್ಟುಕೊಳ್ಳುತ್ತೇನೆ.