ಆರ್ಮ್‌ನಲ್ಲಿ ಕೈಕೊಟ್ಟ ಇಪೋಲ್ ಹೆಡರ್: ಸರಿಮಾಡಿದ್ದು ಹೀಗೆ

ನಾವು ಬಳಸುವ ಒಂದು ಸಣ್ಣ ಸಿ ಲೈಬ್ರರಿ ಎಕ್ಸ್86-64ನಲ್ಲಿ (ಇಂಟೆಲ್, ಎಎಂಡಿಯ 64-ಬಿಟ್ ಪ್ರೊಸೆಸರ್) ಚೆನ್ನಾಗಿ ಓಡುತ್ತಿತ್ತು. ಬೇರೆ ಬಗೆಯ ಪ್ರೊಸೆಸರ್ ಇರುವ 64-ಬಿಟ್ ಆರ್ಮ್ ಬೋರ್ಡ್‌ಗೆ ಕಂಪೈಲ್ ಮಾಡಿದಾಗ ಒಂದು ವಾರ್ನಿಂಗ್ ಕೂಡ ಬರಲಿಲ್ಲ. ಆದರೆ ಇಪೋಲ್ (ಯಾವ ಕನೆಕ್ಷನ್ ಸಿದ್ಧವಾಗಿದೆ ಅಂತ ತಿಳಿಸುವ ಲಿನಕ್ಸ್ ಸೌಲಭ್ಯ) ಕೊಡುವ ಫೈಲ್ ಡಿಸ್ಕ್ರಿಪ್ಟರ್‌ಗಳೆಲ್ಲ, ಅಂದರೆ ತೆರೆದ ಫೈಲ್, ಕನೆಕ್ಷನ್‌ಗಳ ಗುರುತಿನ ಸಂಖ್ಯೆಗಳೆಲ್ಲ, ತಪ್ಪು.

ಕಾರಣ ಲೈಬ್ರರಿಯ ಹೆಡರ್‌ನಲ್ಲಿ, ಅಂದರೆ ಡೇಟಾದ ರಚನೆಗಳನ್ನು ಘೋಷಿಸುವ ಫೈಲ್‌ನಲ್ಲಿತ್ತು. ಇಪೋಲ್ ಇವೆಂಟ್ ಸ್ಟ್ರಕ್ಚರ್ ಅನ್ನು ಲೈಬ್ರರಿ ತಾನೇ ಬರೆದುಕೊಂಡು, ಎಲ್ಲ ಪ್ರೊಸೆಸರ್‌ಗೂ ಪ್ಯಾಕ್ಡ್ (ನಡುವೆ ಖಾಲಿ ಬೈಟ್ ಬಿಡದಂತೆ) ಮಾಡಿಬಿಟ್ಟಿತ್ತು. ಲಿನಕ್ಸ್ ಕರ್ನಲ್ ಹಾಗೆ ಮಾಡುವುದು ಎಕ್ಸ್86-64ಕ್ಕೆ ಮಾತ್ರ. 32-ಬಿಟ್ ಪ್ರೋಗ್ರಾಂಗಳನ್ನು ಓಡಿಸುವುದು ಸುಲಭವಾಗಲಿ ಅಂತ ಅಲ್ಲಿ 32-ಬಿಟ್, 64-ಬಿಟ್ ಎರಡಕ್ಕೂ ಒಂದೇ ಅಳತೆ, 12 ಬೈಟ್. ಆರ್ಮ್‌ನಲ್ಲಿ ಹಾಗಲ್ಲ. ಮೊದಲು 4 ಬೈಟ್ ಇವೆಂಟ್, ಆಮೇಲೆ 4 ಬೈಟ್ ಖಾಲಿ, ನಂತರ 8 ಬೈಟ್ ಡೇಟಾ. ಒಟ್ಟು 16. ನಮ್ಮ ಕೋಡ್ 4 ಬೈಟ್ ದಾಟಿ ಡೇಟಾ ಇಡುತ್ತಿತ್ತು, ಕರ್ನಲ್ 8 ಬೈಟ್ ದಾಟಿ ಓದುತ್ತಿತ್ತು. ಕಂಪೈಲರ್‌ಗೆ ಇದು ಗೊತ್ತಾಗುವುದಾದರೂ ಹೇಗೆ, ಅಲ್ವಾ?

ಆ ಸ್ಟ್ರಕ್ಚರ್ ಕಿತ್ತುಹಾಕಿ ಸಿಸ್ಟಮ್‌ನ ಇಪೋಲ್ ಹೆಡರ್ ಸೇರಿಸಿದೆ. ಸುಮ್ನೆ ಇಫ್‌ಡೆಫ್ (ಪ್ರೊಸೆಸರ್‌ಗೆ ತಕ್ಕಂತೆ ಕೋಡ್ ಆರಿಸುವ ಷರತ್ತು) ಜಾಸ್ತಿ ಮಾಡುವುದು ನನಗೆ ಇಷ್ಟವಿಲ್ಲ. ಬೇರೆ ಸ್ಟ್ರಕ್ಚರ್‌ಗಳಿಗೆ ಸಿ11ರ (ಸಿ ಭಾಷೆಯ 2011ರ ಆವೃತ್ತಿ) ಸ್ಟ್ಯಾಟಿಕ್ ಅಸರ್ಟ್, ಅಂದರೆ ಕಂಪೈಲ್ ಸಮಯದಲ್ಲೇ ನಡೆಯುವ ಪರೀಕ್ಷೆ, ಹಾಕಿದೆ. ಅಳತೆ ತಪ್ಪಿದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಒಂದು ಎಚ್ಚರಿಕೆ: ಆರ್ಮ್‌ನಲ್ಲಿ ಈ ಹೆಡರ್ ಬಳಸುವ ಎಲ್ಲ ಪ್ರೋಗ್ರಾಂಗಳನ್ನೂ ಮತ್ತೆ ಕಂಪೈಲ್ ಮಾಡಲೇಬೇಕು.