ಹಡಗು ಹತ್ತುವ ಹಿಂದಿನ ರಾತ್ರಿಗೆ ಮುಂಬಯಿಯಲ್ಲಿ ರೂಮು: ನನ್ನ ಅನುಭವ

ಮುಂಬಯಿಯಿಂದ ಕ್ರೂಸ್ (ವಿಹಾರದ ಹಡಗುಯಾನ) ಹೊರಡುವವರು ಹೋಟೆಲ್ ಹುಡುಕುವ ಮೊದಲೇ ಒಂದು ವಿಷಯ ಗಟ್ಟಿ ಮಾಡಿಕೊಳ್ಳಬೇಕು. ಊರನ್ನು ಉದ್ದಕ್ಕೆ ದಾಟುವ ಕೆಲಸ ಹಡಗು ಹೊರಡುವ ದಿನಕ್ಕೆ ಉಳಿಯಬಾರದು. ಬಂದರು ಇರುವುದು ದಕ್ಷಿಣದ ತುದಿಯಲ್ಲಿ. ವಿಮಾನ ನಿಲ್ದಾಣ, ಕುರ್ಲಾ ಟರ್ಮಿನಸ್, ದಾದರ್, ಡೊಂಬಿವಲಿ-ಮೀರಾರೋಡಿನ ನೆಂಟರ ಮನೆ ಎಲ್ಲವೂ ಅದರ ಉತ್ತರಕ್ಕೆ. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಇಡೀ ಊರು ಕೆಲಸಕ್ಕೆಂದು ದಕ್ಷಿಣಕ್ಕೇ ಹರಿಯುತ್ತದೆ, ನಿಮ್ಮ ಪೆಟ್ಟಿಗೆಗಳೂ ಅದೇ ದಿಕ್ಕಿಗೆ ಹೋಗಬೇಕು. ರೂಮಿನ ದರ, ಕಿಟಕಿಯಿಂದ ಕಾಣುವ ಸಮುದ್ರ, ಬೆಳಗಿನ ತಿಂಡಿ ಇವೆಲ್ಲ ಆಮೇಲಿನ ಮಾತು.

ನಾವು ಲೆಕ್ಕ ಹಾಕಿದ್ದು ಆರು ಜನಕ್ಕೆ: ಮಂಗಳೂರಿನಿಂದ ಬರುವ ಹಿರಿಯರಿಬ್ಬರು, ಬೆಂಗಳೂರಿನಿಂದ ಇಬ್ಬರು, ಡೊಂಬಿವಲಿಯ ನಾವಿಬ್ಬರು. ದೊಡ್ಡ ಪೆಟ್ಟಿಗೆ ನಾಲ್ಕು, ಕೈಚೀಲ ಆರು. ಈ ಎಣಿಕೆಯನ್ನು ಮೊದಲು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮುಂದಿನ ಪ್ರತಿಯೊಂದು ತೀರ್ಮಾನವೂ ಜನರಿಗಿಂತ ಪೆಟ್ಟಿಗೆಗಳ ಮೇಲೆ ನಿಲ್ಲುತ್ತದೆ.

ಎರಡನೆಯದು ಗೇಟು. ಮುಂಬಯಿ ಬಂದರಿನ ಗೇಟುಗಳಿಗೆ ಬಣ್ಣದ ಹೆಸರುಗಳಿವೆ: ಗ್ರೀನ್ ಗೇಟ್, ರೆಡ್ ಗೇಟ್, ಯೆಲ್ಲೋ ಗೇಟ್, ಆರೆಂಜ್ ಗೇಟ್, ಪರ್ಪಲ್ ಗೇಟ್. 2025ರ ಸೆಪ್ಟೆಂಬರ್ 20ರಂದು ಉದ್ಘಾಟನೆಯಾದ ಮುಂಬಯಿ ಅಂತರರಾಷ್ಟ್ರೀಯ ಕ್ರೂಸ್ ಟರ್ಮಿನಲ್ ಇರುವುದು ಬಲ್ಲಾರ್ಡ್ ಪಿಯರ್‌ನಲ್ಲಿ, ಒಳಗೆ ಹೋಗುವುದು ಬಲ್ಲಾರ್ಡ್ ಎಸ್ಟೇಟ್ ಕಡೆಯ ಗ್ರೀನ್ ಗೇಟಿನಿಂದ. 2018ರಲ್ಲಿ ಗೋವಾಕ್ಕೆ ಶುರುವಾದ ಆಂಗ್ರಿಯಾ ಹಡಗು ಹೊರಡುತ್ತಿದ್ದದ್ದು ಪರ್ಪಲ್ ಗೇಟಿನ ಕಡೆಯಿಂದ. ಅಲಿಬಾಗ್ ಕಡೆಗೆ, ಮಾಂಡವಾಕ್ಕೆ ಹೋಗುವ ರೋ-ರೋ (ವಾಹನಗಳನ್ನೂ ಸಾಗಿಸುವ ದೋಣಿ) ಹತ್ತುವುದು ಭಾವುಚಾ ಧಕ್ಕಾದಲ್ಲಿ. ಈ ಎರಡೂ ಮಜಗಾಂವ್ ಕಡೆಯವು. ಹಾಗಾಗಿ ಹಳೆಯ ಬರಹ ಓದಿದವರು, ಟ್ಯಾಕ್ಸಿಯವನಿಗೆ ಬರೀ 'ಡಾಕ್' ಅಂದವರು ಮಜಗಾಂವ್ ಕಡೆ ಹೋಗಿ ಇಳಿಯುತ್ತಾರೆ. ಟಿಕೆಟಿನಲ್ಲಿ ಬರೆದಿರುವ ಗೇಟಿನ ಹೆಸರನ್ನೇ ಹೇಳಿ, ಜೊತೆಗೆ 'ಬಲ್ಲಾರ್ಡ್ ಪಿಯರ್' ಎಂದು ಸೇರಿಸಿ. ಮ್ಯಾಪಿನಲ್ಲಿ ಹೋಟೆಲಿನ ದೂರ ಅಳೆಯುವಾಗಲೂ ಗೇಟಿನಿಂದಲೇ ಅಳೆಯಬೇಕು. ಹಡಗು ನಿಂತ ಜಾಗದಿಂದ ಅಳೆದರೆ ಸಿಗುವ ಸಂಖ್ಯೆಗೆ ಅರ್ಥವಿಲ್ಲ, ನಡುವೆ ಬಂದರಿನ ಗೋಡೆ ಇದೆ.

ಗೇಟು ಖಚಿತವಾದ ಮೇಲೆ ನಾನು ನೋಡಿದ್ದು ನಾಲ್ಕು ಕಡೆ.

ಬಲ್ಲಾರ್ಡ್ ಎಸ್ಟೇಟ್ ಎಲ್ಲಕ್ಕಿಂತ ಹತ್ತಿರ, ಗೇಟಿಗೆ ನಡೆದೇ ಹೋಗಬಹುದು. ಕಳೆದ ಶತಮಾನದ ಮೊದಲ ಭಾಗದಲ್ಲಿ ಹಡಗಿನಿಂದ ಇಳಿದವರು ಇದೇ ಬಲ್ಲಾರ್ಡ್ ಪಿಯರ್‌ನಲ್ಲಿ ಫ್ರಾಂಟಿಯರ್ ಮೇಲ್ ರೈಲು ಹತ್ತುತ್ತಿದ್ದರು. ಈಗ ಇದು ಪೂರಾ ಕಚೇರಿಗಳ ಪ್ರದೇಶ. ಸಂಜೆ ಏಳರ ನಂತರ ಮತ್ತು ಭಾನುವಾರ ಬೀದಿ ಖಾಲಿ, ಟ್ಯಾಕ್ಸಿ ಅಪರೂಪ, ರಾತ್ರಿ ಊಟಕ್ಕೆ ಫೋರ್ಟ್ ಕಡೆ ನಡೆಯಬೇಕು. ಹೋಟೆಲುಗಳೂ ಕಡಿಮೆ.

ವಿ.ಟಿ. (ಈಗಿನ ಸಿ.ಎಸ್.ಎಂ.ಟಿ. ರೈಲು ನಿಲ್ದಾಣ) ಮತ್ತು ಫೋರ್ಟ್ ಪ್ರದೇಶ ಗ್ರೀನ್ ಗೇಟಿನಿಂದ ಒಂದರಿಂದ ಒಂದೂವರೆ ಕಿ.ಮೀ. ಮಧ್ಯಮ ದರದ ರೂಮು ಹೆಚ್ಚು ಸಿಗುವುದು ಇಲ್ಲಿ. ರೈಲಿನಿಂದ ಇಳಿದವರಿಗೂ ಮೆಟ್ರೋದಲ್ಲಿ ಬಂದವರಿಗೂ ಅನುಕೂಲ. ಊಟಕ್ಕೆ ನಮ್ಮ ಕಡೆಯ ರುಚಿಯೂ ಇಲ್ಲೇ ಇದೆ; ಮಹೇಶ್ ಲಂಚ್ ಹೋಮ್, ಅಪೂರ್ವ ಎರಡೂ ಫೋರ್ಟಿನಲ್ಲಿ ಮಂಗಳೂರು ಶೈಲಿಯ ಮೀನೂಟಕ್ಕೆ ಹೆಸರಾದವು. ನಾನು ಕೊನೆಗೆ ಆರಿಸಿದ್ದು ಇದೇ ಪ್ರದೇಶ.

ಕೊಲಾಬಾ ಗೇಟಿನಿಂದ ಎರಡರಿಂದ ಮೂರು ಕಿ.ಮೀ. ಸಂಜೆ ಸುತ್ತಾಡಲು ಚೆಂದ, ಗೇಟ್‌ವೇ ಆಫ್ ಇಂಡಿಯಾ ಪಕ್ಕದಲ್ಲಿ. ಆದರೆ ಡಿಸೆಂಬರ್ 4ರ ನೌಕಾಪಡೆ ದಿನದ ಆಸುಪಾಸು ಮತ್ತು ಡಿಸೆಂಬರ್ 31ರಂದು ಗೇಟ್‌ವೇ ಸುತ್ತ ರಸ್ತೆ ತಡೆ ಇರುತ್ತದೆ. ಮರೀನ್ ಡ್ರೈವ್ ಕಡೆ ದರ ಹೆಚ್ಚು. ವಾಂಖೆಡೆಯಲ್ಲಿ ಮ್ಯಾಚ್ ಇದ್ದ ರಾತ್ರಿ ಇನ್ನೂ ಏರುತ್ತದೆ.

ಹಲವರು ಕೇಳುವುದು ವಿಮಾನ ನಿಲ್ದಾಣದ ಹತ್ತಿರದ ಹೋಟೆಲ್ ಬಗ್ಗೆ. ರಾತ್ರಿ ಹನ್ನೊಂದಕ್ಕೆ ವಿಮಾನ ಇಳಿಯುವಾಗ ಅಂಧೇರಿಯಲ್ಲೇ ಮಲಗಿ ಬೆಳಿಗ್ಗೆ ಹೊರಡೋಣ ಅನ್ನಿಸುವುದು ಸಹಜ. ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ವಿರುದ್ಧ. ಟರ್ಮಿನಲ್ 2ರಿಂದ ಬಲ್ಲಾರ್ಡ್ ಪಿಯರ್ ಸುಮಾರು 25 ಕಿ.ಮೀ. ನಡುರಾತ್ರಿ ಸೀ ಲಿಂಕ್, ಕೋಸ್ಟಲ್ ರೋಡ್ ಹಿಡಿದರೆ ಮುಕ್ಕಾಲು ಗಂಟೆಯ ದಾರಿ. ಅದೇ ದಾರಿಗೆ ಬೆಳಿಗ್ಗೆ ಒಂಬತ್ತಕ್ಕೆ ಎರಡು ಗಂಟೆ ಇಟ್ಟುಕೊಳ್ಳಬೇಕು. ಸುಸ್ತಾಗಿದ್ದರೂ ರಾತ್ರಿಯೇ ಫೋರ್ಟಿಗೆ ಬಂದು ಮಲಗುವುದು ಲೇಸು. ಹೋಟೆಲಿಗೆ ಮೊದಲೇ ಫೋನ್ ಮಾಡಿ 'ರಾತ್ರಿ ಒಂದು ಗಂಟೆಗೆ ಬರುತ್ತೇವೆ, ರೂಮು ಬಿಡಬೇಡಿ' ಎಂದು ಹೇಳಿ, ಫೋನಿನಲ್ಲಿ ಒಪ್ಪಿದವರ ಹೆಸರು ಬರೆದಿಟ್ಟುಕೊಳ್ಳಿ. ಹಣ ಪೂರ್ತಿ ಕಟ್ಟದ ಬುಕಿಂಗನ್ನು ತಡರಾತ್ರಿ ಬೇರೆಯವರಿಗೆ ಕೊಟ್ಟುಬಿಡುವ ಲಾಡ್ಜುಗಳಿವೆ.

ಹಗಲು ಇಳಿಯುವವರಿಗೆ ಈಗ ಮೆಟ್ರೋ 3 ಇದೆ. 2025ರ ಅಕ್ಟೋಬರ್‌ನಿಂದ ಅದು ಕಫ್ ಪರೇಡ್‌ವರೆಗೆ ಓಡುತ್ತಿದೆ, ಎರಡೂ ಟರ್ಮಿನಲ್‌ಗಳಿಗೆ ನಿಲ್ದಾಣವಿದೆ, ಇಳಿಯಬೇಕಾದ್ದು ಸಿ.ಎಸ್.ಎಂ.ಟಿ. ಅಥವಾ ಹುತಾತ್ಮ ಚೌಕ್. ಒಬ್ಬರಿಗೆ ಒಂದು ಪೆಟ್ಟಿಗೆ ಇದ್ದರೆ ಇದಕ್ಕಿಂತ ನೆಚ್ಚಿಕೆಯ ದಾರಿ ಬೇರೆ ಇಲ್ಲ. ನವಿ ಮುಂಬಯಿಯ ಹೊಸ ವಿಮಾನ ನಿಲ್ದಾಣದಲ್ಲಿ ಇಳಿಯುವವರು ಸಮುದ್ರದ ಮೇಲಿನ ಸೇತುವೆ ಅಟಲ್ ಸೇತು ಹಿಡಿಯಬೇಕು. ಅದರ ಮೇಲೆ ಆಟೋ ಬಿಡುವುದಿಲ್ಲ, ಕಾರಿಗೆ ಒಂದು ಕಡೆಗೆ 250 ರೂ. ಟೋಲ್. ಟಿಕೆಟ್ ತೆಗೆಯುವಾಗ ಯಾವ ವಿಮಾನ ನಿಲ್ದಾಣ ಎಂದು ಎರಡು ಸಲ ನೋಡಿ.

ರೈಲಿನವರಿಗೂ ಇದೇ ಎಚ್ಚರ ಬೇಕು. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ವಿ.ಟಿ.ಗೇ ಬರುತ್ತದೆ, ಆದರೆ ತಲುಪುವುದು ಮರುದಿನ ರಾತ್ರಿ. ಅದರಲ್ಲಿ ಬರುವವರಿಗೆ ಹಿಂದಿನ ರಾತ್ರಿಯ ರೂಮು ಇಲ್ಲದೆ ಗತಿಯಿಲ್ಲ. ಮಂಗಳೂರಿನ ಮತ್ಸ್ಯಗಂಧಾ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ ಬೆಳಗಿನ ಜಾವ ಬರುತ್ತದೆ. ಸರಿಯಾದ ಹೊತ್ತಿಗೆ ಬಂದರೆ ಅದೇ ದಿನ ಹಡಗು ಹತ್ತಬಹುದು ಅನ್ನಿಸುತ್ತದೆ. ಕೊಂಕಣ ರೈಲು ಒಂಟಿ ಹಳಿಯ ದಾರಿ, ಒಂದು ಗಾಡಿ ತಡವಾದರೆ ಎದುರಿನದೂ ನಿಲ್ಲುತ್ತದೆ. ಹಾಗಾಗಿ ಹಿರಿಯರಿಬ್ಬರನ್ನು ಒಂದು ದಿನ ಮೊದಲೇ ಕರೆಸಿಕೊಂಡೆವು. ಕುರ್ಲಾದಲ್ಲಿ ಇಳಿದವರಿಗೆ ಇನ್ನೊಂದು ಮಾತು: ಆಟೋ ಸಯನ್ ದಾಟಿ ದಕ್ಷಿಣಕ್ಕೆ ಬರುವುದಿಲ್ಲ. ಟ್ಯಾಕ್ಸಿಯನ್ನೇ ಹಿಡಿದು ಈಸ್ಟರ್ನ್ ಫ್ರೀವೇಯಲ್ಲಿ ಬನ್ನಿ. ಫ್ರೀವೇ ಇಳಿಯುವ ಆರೆಂಜ್ ಗೇಟಿನ ಬಳಿ ಸುರಂಗದ ಕೆಲಸ ನಡೆಯುತ್ತಿರುವುದರಿಂದ ಅಲ್ಲಿಂದ ಮುಂದೆ ಪಿ. ಡಿಮೆಲ್ಲೊ ರಸ್ತೆಯಲ್ಲಿ ಗಾಡಿ ಆಮೆಯಂತೆ ಸಾಗುತ್ತದೆ, ಅರ್ಧ ಗಂಟೆ ಕೈಯಲ್ಲಿರಲಿ.

ಇನ್ನು ಹೋಟೆಲಿಗೆ ಫೋನ್ ಮಾಡಿ ಕೇಳುವ ಪ್ರಶ್ನೆಗಳು. ಫೋರ್ಟಿನ ಬಹಳಷ್ಟು ಹೋಟೆಲುಗಳು ಹಳೆಯ ಕಲ್ಲು ಕಟ್ಟಡದ ಎರಡು-ಮೂರನೇ ಮಹಡಿಯಲ್ಲಿವೆ, ಕೆಳಗೆ ಅಂಗಡಿ ಅಥವಾ ಕಚೇರಿ. 'ಲಿಫ್ಟ್ ಉಂಟಾ?' ಎಂದು ಕೇಳಿದರೆ ಎಲ್ಲರೂ 'ಉಂಟು' ಅನ್ನುತ್ತಾರೆ. ಕೇಳಬೇಕಾದ್ದು ಬೇರೆ. 'ರಸ್ತೆಯಿಂದ ಲಿಫ್ಟಿನ ಬಾಗಿಲಿಗೆ ಎಷ್ಟು ಮೆಟ್ಟಿಲು? ಲಿಫ್ಟ್ ಬಿಟ್ಟ ಮೇಲೆ ರೂಮಿಗೆ ಎಷ್ಟು?' ಮ್ಯಾನೇಜರು ಕುಂದಾಪುರದ ಕಡೆಯವರಾದರೆ ನೇರವಾಗಿ ಹೇಳಿಬಿಡುತ್ತಾರೆ: 'ಏಳು ಮೆಟ್ಟಿಲು ಹತ್ತಿಯೇ ಲಿಫ್ಟ್ ಅಣ್ಣ, ಬ್ಯಾಗಿಗೆ ನಮ್ಮ ಹುಡುಗ ಇದ್ದಾನೆ.' ಈ ಉತ್ತರ ಸಾಕು, ಅದರ ಮೇಲೆ ತೀರ್ಮಾನ ಮಾಡಬಹುದು.

ಹಳೆಯ ಲಿಫ್ಟಿಗೆ ಎರಡು ಜಾಲರಿ ಬಾಗಿಲು. ಹೊರಗಿನದು, ಒಳಗಿನದು ಎರಡನ್ನೂ 'ಟಕ್' ಅನ್ನುವವರೆಗೆ ಎಳೆಯದಿದ್ದರೆ ಅದು ಕದಲುವುದಿಲ್ಲ. ಮೇಲಿನ ಮಹಡಿಯಲ್ಲಿ ಯಾರಾದರೂ ಬಾಗಿಲನ್ನು ಎರಡು ಬೆರಳು ತೆರೆದು ಬಿಟ್ಟು ಹೋದರೆ ಕೆಳಗಿನವರು ಗುಂಡಿ ಒತ್ತುತ್ತಾ ನಿಲ್ಲಬೇಕು. ಒಳಗೆ ಮೂರು ಜನರ ಜಾಗ; 28 ಇಂಚಿನ ಪೆಟ್ಟಿಗೆ ಒಂದನ್ನು ಇಟ್ಟರೆ ಜೊತೆಗೆ ನಿಲ್ಲಲು ಒಬ್ಬರಿಗೆ ಮಾತ್ರ ಜಾಗ. ನಮ್ಮಂಥ ಗುಂಪಿಗೆ ನಾಲ್ಕೈದು ಸುತ್ತು, ಒಂದು ಸುತ್ತಿಗೆ ಮೂರು ನಿಮಿಷ ಹಿಡಿದರೆ ಹದಿನೈದು ನಿಮಿಷ ಅಲ್ಲೇ ಹೋಯಿತು. ಕೆಲವು ಕಟ್ಟಡಗಳಲ್ಲಿ ಲಿಫ್ಟ್‌ಮ್ಯಾನ್ ರಾತ್ರಿ ಹೊರಟ ಮೇಲೆ ಲಿಫ್ಟ್ ಬಂದ್. ಮೊಣಕಾಲು ನೋವಿನವರು ಜೊತೆಗಿದ್ದರೆ ಇದನ್ನು ಕೇಳದೆ ಹಣ ಕಟ್ಟಬೇಡಿ.

ಗುರುತಿನ ಚೀಟಿಯ ವಿಷಯ ಮುಂಬಯಿ ಕನ್ನಡಿಗರಿಗೇ ಹೆಚ್ಚು ಅಡ್ಡ ಬರುತ್ತದೆ. ಆಧಾರಿನಲ್ಲಿ ಮುಂಬಯಿ, ಠಾಣೆ, ಡೊಂಬಿವಲಿ ವಿಳಾಸ ಇದ್ದವರಿಗೆ 'ಲೋಕಲ್ ಐಡಿ ನಡೆಯುವುದಿಲ್ಲ' ಎಂದು ರೂಮು ಕೊಡದ ಹೋಟೆಲುಗಳು ಬಹಳ. ಊರಿನಿಂದ ಬಂದವರಿಗೆ ಸಿಕ್ಕ ರೂಮು ಅವರನ್ನು ಕರೆತಂದ ನಮಗೆ ಸಿಗುವುದಿಲ್ಲ. ಆ್ಯಪಿನಲ್ಲಿ ಹಣ ಕಟ್ಟಿದ ಮೇಲೂ ಕೌಂಟರಿನಲ್ಲಿ ಇದೇ ಮಾತು ಬರಬಹುದು. ಹಾಗಾಗಿ ಫೋನಿನಲ್ಲೇ ಕೇಳಿ, ಒಪ್ಪಿದ್ದನ್ನು ವಾಟ್ಸ್ಆ್ಯಪಿನಲ್ಲಿ ಬರೆಸಿಕೊಳ್ಳಿ. ಪಾನ್ ಕಾರ್ಡಿನಲ್ಲಿ ವಿಳಾಸ ಇಲ್ಲದ್ದರಿಂದ ಹೋಟೆಲಿಗೆ ಅದು ನಡೆಯುವುದಿಲ್ಲ. ಅಸಲು ಆಧಾರ್ ಅಥವಾ ಪಾಸ್‌ಪೋರ್ಟ್ ಕೈಚೀಲದಲ್ಲೇ ಇರಲಿ. ಹಡಗಿನ ದೊಡ್ಡ ಪೆಟ್ಟಿಗೆಯನ್ನು ಟರ್ಮಿನಲ್‌ನಲ್ಲಿ ಒಪ್ಪಿಸಿದ ಮೇಲೆ ಅದು ಕ್ಯಾಬಿನ್ ಬಾಗಿಲಿಗೆ ಬರುವವರೆಗೆ ನಿಮ್ಮ ಕೈಗೆ ಸಿಗದು. ಔಷಧಿಗೂ ಇದೇ ಮಾತು.

ಚೆಕ್-ಔಟ್ ಹೊತ್ತು ಮತ್ತು ಬೋರ್ಡಿಂಗ್ ಸ್ಲಾಟ್ (ಹಡಗು ಹತ್ತಲು ಕೊಟ್ಟ ವೇಳೆ) ನಡುವಿನ ಅಂತರ ಲೆಕ್ಕ ಹಾಕಿ. ಹೋಟೆಲ್ ಬಿಡಬೇಕಾದ್ದು ಹನ್ನೊಂದು ಅಥವಾ ಹನ್ನೆರಡಕ್ಕೆ, ಸಣ್ಣ ಲಾಡ್ಜುಗಳಲ್ಲಿ ಬೆಳಿಗ್ಗೆ ಒಂಬತ್ತಕ್ಕೇ. ಹಡಗಿನವರು ಕೊಟ್ಟ ಸ್ಲಾಟ್ ಮಧ್ಯಾಹ್ನದ್ದಾದರೆ ನಡುವಿನ ಹೊತ್ತಿಗೆ ಪೆಟ್ಟಿಗೆ ಇಡಲು ಜಾಗ ಬೇಕು. 'ಲಗೇಜ್ ಇಡಬಹುದಾ, ಎಲ್ಲಿ ಇಡುತ್ತೀರಿ, ಚೀಟಿ ಕೊಡುತ್ತೀರಾ' ಎಂದು ಕೇಳಿ. ಮೆಟ್ಟಿಲ ಕೆಳಗೆ ಇಡುವುದಾದರೆ ನಾನು ಬೇರೆ ಹೋಟೆಲ್ ನೋಡುತ್ತೇನೆ.

ತೆರಿಗೆಯಲ್ಲಿ ಒಂದು ಗೆರೆ ಇದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ರೂಮಿಗೆ ಜಿ.ಎಸ್.ಟಿ. ಶೇ. 5, ಅದನ್ನು ದಾಟಿದರೆ ಶೇ. 18. 7,500ರ ರೂಮಿಗೆ ತೆರಿಗೆ 375, ಒಟ್ಟು 7,875. ನೂರೇ ರೂಪಾಯಿ ಹೆಚ್ಚಿನ 7,600ರ ರೂಮಿಗೆ ತೆರಿಗೆ 1,368, ಒಟ್ಟು 8,968. ಆ್ಯಪಿನಲ್ಲಿ ದೊಡ್ಡದಾಗಿ ಕಾಣುವ ದರ ತೆರಿಗೆ ಬಿಟ್ಟದ್ದು, ಕೊನೆಯ ಪುಟದವರೆಗೆ ಹೋಗಿಯೇ ಹೋಲಿಸಬೇಕು. ಹೋಟೆಲಿಗೇ ಫೋನ್ ಮಾಡಿ 7,500ಕ್ಕೆ ಇಳಿಸಿ ಎಂದರೆ ಒಪ್ಪುವವರಿದ್ದಾರೆ, ನಿಮಗೆ ಲಾಭ.

ತಾರೀಕು ನೋಡುವಾಗ ಎರಡು ಸಂಗತಿ ನೆನಪಿರಲಿ. ಜನವರಿಯ ಮೂರನೇ ಭಾನುವಾರ ಮುಂಬಯಿ ಮ್ಯಾರಥಾನ್ ಹೊರಡುವುದು ವಿ.ಟಿ. ಎದುರಿನಿಂದ. ಆ ಬೆಳಿಗ್ಗೆ ಫೋರ್ಟ್, ಮರೀನ್ ಡ್ರೈವ್ ರಸ್ತೆಗಳು ಮುಚ್ಚಿರುತ್ತವೆ, ಹಿಂದಿನ ರಾತ್ರಿ ರೂಮುಗಳೂ ತುಂಬಿರುತ್ತವೆ. ಎರಡನೆಯದು ಭಾನುವಾರದ ಮೆಗಾಬ್ಲಾಕ್. ಸೆಂಟ್ರಲ್, ಹಾರ್ಬರ್ ಮಾರ್ಗಗಳಲ್ಲಿ ಹಳಿ ರಿಪೇರಿಗೆಂದು ಬೆಳಿಗ್ಗೆ ಹನ್ನೊಂದರ ಆಸುಪಾಸಿನಿಂದ ಸಂಜೆ ನಾಲ್ಕರವರೆಗೆ ಲೋಕಲ್ ಕಡಿತ. ಸರಿಯಾಗಿ ಹಡಗಿನ ಬೋರ್ಡಿಂಗ್ ಹೊತ್ತು! ವಾಶಿ, ನೆರೂಲ್ ನೆಂಟರ ಮನೆಯಿಂದ ಲೋಕಲ್‌ನಲ್ಲಿ ಬರುತ್ತೇವೆ ಅನ್ನುವವರು ಶನಿವಾರದ ಪತ್ರಿಕೆಯಲ್ಲಿ ಬ್ಲಾಕಿನ ವೇಳೆ ನೋಡಲೇಬೇಕು.

ಕೊನೆಯ ಒಂದೂವರೆ ಕಿ.ಮೀ.ಯನ್ನು ಹಗುರವಾಗಿ ಎಣಿಸಬೇಡಿ. ಕಾಲಿಪೀಲಿ (ಕಪ್ಪು-ಹಳದಿ ಬಣ್ಣದ) ಟ್ಯಾಕ್ಸಿಯ ಕನಿಷ್ಠ ದರ 31 ರೂ., ಇಷ್ಟು ಸಣ್ಣ ಸವಾರಿಗೆ ಎಲ್ಲರೂ ಬರುವುದಿಲ್ಲ. ಬಂದರೂ ಡಿಕ್ಕಿ ತೆರೆದರೆ ಅಡ್ಡಲಾಗಿ ಸಿ.ಎನ್.ಜಿ. ಸಿಲಿಂಡರ್ ಮಲಗಿರುತ್ತದೆ, ಉಳಿದ ಜಾಗಕ್ಕೆ ಕೈಚೀಲ ಹಿಡಿದೀತು, ದೊಡ್ಡ ಪೆಟ್ಟಿಗೆ ಹಿಡಿಯದು. ಅದು ಮೇಲಿನ ಕ್ಯಾರಿಯರಿಗೆ ಹೋಗಬೇಕು, ಇಲ್ಲವೇ ಮುಂದಿನ ಸೀಟಿಗೆ. ಆ್ಯಪಿನಲ್ಲಿ ಏಳು ಸೀಟಿನ ಗಾಡಿ ಕರೆದರೂ ಹಿಂದಿನ ಸಾಲಿನಲ್ಲಿ ಜನ ಕೂತರೆ ಪೆಟ್ಟಿಗೆಗೆ ಜಾಗವಿಲ್ಲ. ಆರು ಜನ, ನಾಲ್ಕು ಪೆಟ್ಟಿಗೆಗೆ ಎರಡು ಗಾಡಿಯೇ ಬೇಕು. ನಾವು ಹೋಟೆಲಿನವರಿಗೆ ಹಿಂದಿನ ರಾತ್ರಿಯೇ ಹೇಳಿ ಗಾಡಿ ಗೊತ್ತು ಮಾಡಿಸಿ, ಮೀಟರಿಗಿಂತ ಹೆಚ್ಚು ಕೊಡುವ ಮಾತನ್ನೂ ಮೊದಲೇ ಆಡಿ ಮುಗಿಸಿದೆವು.

ಬೋರ್ಡಿಂಗ್ ಮುಚ್ಚುವುದು ಹಡಗು ಹೊರಡುವುದಕ್ಕೆ ಬಹಳ ಮೊದಲು. ಎಷ್ಟು ಮೊದಲು ಎಂಬುದು ಟಿಕೆಟಿನಲ್ಲೇ ಇರುತ್ತದೆ, ಹೋಟೆಲ್ ಬಿಡುವ ಲೆಕ್ಕವನ್ನು ಆ ಹೊತ್ತಿನಿಂದ ಹಿಂದಕ್ಕೆ ಎಣಿಸಿ. ಇಸ್ತ್ರಿ ಪೆಟ್ಟಿಗೆ, ವಿದ್ಯುತ್ ಕೆಟಲ್ ಹಡಗಿನಲ್ಲಿ ಬಿಡುವುದಿಲ್ಲ. ಬಟ್ಟೆ ಇಸ್ತ್ರಿ ಮಾಡುವುದಿದ್ದರೆ ಹೋಟೆಲಿನಲ್ಲೇ ಮುಗಿಸಿಕೊಳ್ಳಿ.

ಮರಳಿ ಬರುವ ದಿನಕ್ಕೂ ಇದೇ ಹೋಟೆಲಿನೊಡನೆ ಮಾತಾಡಿಡಿ. ಹಡಗು ಬೆಳಿಗ್ಗೆ ಬಂದರಿಗೆ ಬಂದರೂ ಇಳಿದು, ಪೆಟ್ಟಿಗೆ ಸಿಕ್ಕಿ, ಗೇಟು ದಾಟುವಾಗ ಹೊತ್ತು ಏರಿರುತ್ತದೆ. ವಿ.ಟಿ.ಯಿಂದ ಬೆಳಿಗ್ಗೆ ಎಂಟರ ನಂತರ ಹೊರಡುವ ಉದ್ಯಾನ್ ಅಂದು ಸಿಗುವುದಿಲ್ಲ. ಮಂಗಳೂರಿನವರಿಗೆ ಮಧ್ಯಾಹ್ನ ಕುರ್ಲಾದಿಂದ ಮತ್ಸ್ಯಗಂಧಾ, ಇಲ್ಲವೇ ರಾತ್ರಿ ವಿ.ಟಿ.ಯಿಂದ ಸೂಪರ್‌ಫಾಸ್ಟ್ ಇದೆ. ರಾತ್ರಿಯ ಗಾಡಿಯಾದರೆ ಪೆಟ್ಟಿಗೆಗಳನ್ನು ಹೋಟೆಲಿನಲ್ಲಿ ಅಥವಾ ವಿ.ಟಿ.ಯ ಕ್ಲೋಕ್ ರೂಮಿನಲ್ಲಿ ಇಡಬಹುದು. ಕ್ಲೋಕ್ ರೂಮಿಗೆ ಬೀಗ ಹಾಕಿದ ಪೆಟ್ಟಿಗೆ ಮತ್ತು ರೈಲಿನ ಟಿಕೆಟ್ ಬೇಕು, ಬೀಗವಿಲ್ಲದ ಬಟ್ಟೆಚೀಲ ತೆಗೆದುಕೊಳ್ಳುವುದಿಲ್ಲ. ಸಣ್ಣ ಬೀಗ ನಾಲ್ಕನ್ನು ಊರಿನಿಂದಲೇ ತನ್ನಿ.